ಉಳಿ ಟೀಚರ್ ಮತ್ತು ಮರದ ನೆಲ

ಎದುರಿಗೆ ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಉಳಿ ಟೀಚರ್. ಆ ಹೆಸರು ಕೈಯಲ್ಲಿದ್ದ ಉಳಿಯಿಂದ ಬಂತೋ ಬಾಯಲ್ಲಿದ್ದ ನಾಲಿಗೆಯಿಂದ ಬಂತೋ ಎಂದು ಗಂಡನೇ ತಮಾಷೆ ಮಾಡುತ್ತಿದ್ದರು. ಹಳ್ಳಿಯ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮರಗೆಲಸ ಕಲಿಸಿದವರು ಅವರು. ತಾವು ಕಲಿತದ್ದೂ ಅಲ್ಲಿನ ಮರಗೆಲಸದ ಕೋಣೆಯಲ್ಲೇ. ಆಗೆಲ್ಲ ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಹೊಲಿಗೆ. ಹನ್ನೆರಡು ವರ್ಷದ ಈ ಹುಡುಗಿ ಸೂಜಿ ಮುಟ್ಟುವುದಿಲ್ಲವೆಂದು ಹಟ ಹಿಡಿದು ಆರು ದಿನ ಕಾರ್ಯಾಗಾರದ ಹೊಸ್ತಿಲ ಮೇಲೆ ಕೂತಳು. ಏಳನೆಯ ದಿನ ಮರಗೆಲಸದ ಮೇಷ್ಟ್ರಿಗೆ ಸಾಕಾಯಿತು. "ಒಳಗಾದ್ರೂ ಬಾ, ಇಲ್ಲ ಹೊರಗಾದ್ರೂ ಹೋಗು. ಬೆಳಕಿಗೆ ಅಡ್ಡ ಕೂತಿದ್ದೀಯ" ಎಂದರು. ಹುಡುಗಿ ಒಳಗೆ ಹೋದಳು. ಮೇಷ್ಟ್ರು ನಿವೃತ್ತರಾದಾಗ ಅವರ ಜಾಗಕ್ಕೆ ಬಂದದ್ದೂ ಅವಳೇ.

ಕಟ್ಟಿದವರಿಗೆ ಕೆಲಸ ಗೊತ್ತಿತ್ತು ಎಂದು ನೋಡಿದರೇ ತಿಳಿಯುವ ಕೋಣೆ ಅದು. ಕೆಲಸ ಮಾಡುವವರ ನೆರಳು ಅವರ ಕೈಮೇಲೇ ಬೀಳದಂತೆ ಉತ್ತರದ ಗೋಡೆಯುದ್ದಕ್ಕೂ ಎತ್ತರದ ಕಿಟಕಿಗಳು. ಮೊದಲ ತಂಡದ ಮಕ್ಕಳು ಒಂದೂ ಮೊಳೆಯಿಲ್ಲದೆ ಮರಕ್ಕೆ ಮರದ ಕಚ್ಚು ಕೂಡಿಸಿ ಎಬ್ಬಿಸಿದ ಚಾವಣಿ. ಹನ್ನೆರಡು ಮೇಜುಗಳು, ಒಂದೊಂದರ ಅಂಚಿನಲ್ಲೂ ಎಪ್ಪತ್ತು ವರ್ಷಗಳಲ್ಲಿ ಮಕ್ಕಳು ಕೊರೆದ ಗುರುತುಗಳು. ಎಲ್ಲಕ್ಕಿಂತ ಹೆಚ್ಚಿನದು ನೆಲ. ಅಂಗೈಯಗಲದ ಮರದ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ, ಒತ್ತೊತ್ತಾಗಿ ಜೋಡಿಸಿ ಮಾಡಿದ ನೆಲ. ಕೈಜಾರಿದ ಉಳಿ ಬಿದ್ದರೆ ಅದರ ಹರಿತವಾದ ಬಾಯಿ ಮುರಿಯುತ್ತಿರಲಿಲ್ಲ. ದಿನವಿಡೀ ನಿಂತರೂ ಮಕ್ಕಳ ಕಾಲು ಸೋಲುತ್ತಿರಲಿಲ್ಲ.

ಟೀಚರ್ ನಿವೃತ್ತರಾದ ವರ್ಷವೇ ಮರಗೆಲಸದ ಪಾಠವನ್ನು ಕೈಬಿಟ್ಟು ಕೋಣೆಗೆ ಬೀಗ ಹಾಕಿದರು. ಎಂಟು ವರ್ಷ ಕಳೆದ ಮೇಲೆ ಹೊಸ ಹೆಡ್‌ಮೇಷ್ಟ್ರು ಅದನ್ನು ಕೆಡವಿ ಸಭಾಂಗಣ ಕಟ್ಟುವುದಾಗಿ ಹೇಳಿದರು. ಟೀಚರ್ ಕಾಗದ ಬರೆಯಲು ಕೂತರು. ಪಾರಂಪರಿಕ ಕಟ್ಟಡಗಳ ಇಲಾಖೆಗೆ ಹದಿನಾಲ್ಕು ಕಾಗದ. ನಿವೃತ್ತ ಪೋಸ್ಟ್‌ಮ್ಯಾನ್ ಆಗಿದ್ದ ಗಂಡ ಪ್ರತಿ ಕಾಗದವನ್ನೂ ಕೈಯಲ್ಲಿ ತೂಗಿ ನೋಡಿ, "ಏನೇ, ಇದ್ರಲ್ಲಿ ಬೈಗುಳ ಜಾಸ್ತಿಯಾಗಿದೆ, ಇನ್ನೊಂದು ಸ್ಟ್ಯಾಂಪ್ ಹಚ್ಬೇಕು" ಎನ್ನುತ್ತಿದ್ದರು.

ಕೊನೆಗೂ ಒಬ್ಬ ಅಧಿಕಾರಿ ಬಂದರು. ಅಳೆದರು, ಫೋಟೊ ತೆಗೆದರು, ಚಾವಣಿ ನೋಡಿ ಬಾಯಿ ತೆರೆದು ನಿಂತರು. ಎರಡು ತಿಂಗಳಲ್ಲಿ ಆದೇಶ ಬಂತು: ಕೋಣೆಯನ್ನು ಉಳಿಸಿಕೊಳ್ಳಬೇಕು, ದುರಸ್ತಿ ಮಾಡಿಸಬೇಕು. ಆ ದಿನ ಟೀಚರ್ ಖುಷಿಯಲ್ಲಿ ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ಮಾತಾಡಿಸಿದರು, ಹೆಡ್‌ಮೇಷ್ಟ್ರನ್ನೂ ಸಹ.

ದುರಸ್ತಿ ನಡೆದ ಐದು ತಿಂಗಳೂ ಅವರನ್ನು ಒಳಗೆ ಬಿಡಲಿಲ್ಲ. ಕೇಳಿದಾಗಲೆಲ್ಲ ಕಂಟ್ರಾಕ್ಟರು ಗೇಟಿನಿಂದಲೇ, "ಅಪಾಯ ಅಮ್ಮ, ಮೇಲಿಂದ ಏನಾದ್ರೂ ಬಿದ್ದೀತು" ಎಂದು ಸಾಗಹಾಕುತ್ತಿದ್ದ.

ಉದ್ಘಾಟನೆಯ ಬೆಳಿಗ್ಗೆ ಅವರು ತಮ್ಮ ಹಳೆಯ ಕೈಚೀಲದಲ್ಲಿ ಮನೆಯ ಉಳಿಯೊಂದನ್ನು ಇಟ್ಟುಕೊಂಡು ಹೊರಟರು. ಮಕ್ಕಳು ಕೇಳಿದರೆ ಹಿಡಿಯುವ ಬಗೆ ತೋರಿಸೋಣ ಎಂಬ ಆಸೆ. ಬಾಗಿಲು ದಾಟಿ ಒಳಗೆ ಕಾಲಿಟ್ಟರು. ಕಾಲು ಜಾರಿತು.

ನೆಲಕ್ಕೆಲ್ಲ ಬಿಳಿ ಟೈಲ್ಸ್, ಮುಖ ಕಾಣುವಷ್ಟು ಹೊಳಪು. ಮೇಜುಗಳನ್ನು ಯಂತ್ರದಲ್ಲಿ ಉಜ್ಜಿ ವಾರ್ನಿಶ್ ಬಳಿದಿದ್ದರು. ಗುರುತುಗಳ ಸುಳಿವೇ ಇರಲಿಲ್ಲ. ಗರಗಸ, ಕೀಸುಳಿ, ಕೊಡತಿಗಳೆಲ್ಲ ಗಾಜಿನ ಪೆಟ್ಟಿಗೆಯೊಳಗೆ. ಸುತ್ತ ಹಗ್ಗ, 'ಮುಟ್ಟಬಾರದು' ಎಂಬ ಬೋರ್ಡು.

ಅಧಿಕಾರಿ ಮೈಕಿನಲ್ಲಿ, "ಇದು ನಮ್ಮ ಪರಂಪರೆ" ಎನ್ನುತ್ತಿದ್ದರು.

"ಯಾವುದು?" ಟೀಚರ್ ನಿಂತಲ್ಲಿಂದಲೇ ಕೇಳಿದರು.

"ಮೇಡಂ, ಆಮೇಲೆ ಮಾತಾಡೋಣ."

"ಆಮೇಲೆ ಅನ್ನೋದು ಮುಗೀತು. ಯಾವುದು ಪರಂಪರೆ? ಈ ಟೈಲ್ಸಾ?"

ಹೆಡ್‌ಮೇಷ್ಟ್ರು ಓಡಿಬಂದರು. "ಟೀಚರ್, ಕಾರ್ಯಕ್ರಮ ಹಾಳುಮಾಡಬೇಡಿ, ದಮ್ಮಯ್ಯ."

ಟೀಚರ್ ಹಗ್ಗ ಎತ್ತಿ ಒಳನುಗ್ಗಿದರು. ಚೀಲದಿಂದ ಉಳಿ ತೆಗೆದರು. ಮುಂದಿನ ಸಾಲಿನವರು ಕುರ್ಚಿ ಸಮೇತ ಹಿಂದೆ ಸರಿದರು. ಅವರು ಯಾರ ತಂಟೆಗೂ ಹೋಗಲಿಲ್ಲ. ಉಳಿಯನ್ನು ಸೊಂಟದೆತ್ತರದಿಂದ ಕೈಬಿಟ್ಟರು. ಠಣ್ ಎಂದಿತು. ಎತ್ತಿಕೊಂಡು ಅಧಿಕಾರಿಯ ಮೂಗಿನ ಹತ್ತಿರ ಹಿಡಿದರು. ಉಳಿಯ ಬಾಯಿಯ ಮೂಲೆ ಮುರಿದಿತ್ತು.

"ನಿಮ್ಮ ನೆಲ ಒಂದೇ ಏಟಿಗೆ ಇದನ್ನ ಮುಗಿಸ್ತು. ಹಳೇ ನೆಲದ ಮೇಲೆ ಉಳಿಗಳು ಸಾವಿರ ಸಲ ಬಿದ್ದಿವೆ. ಎಲ್ಲಿ ಅದು? ಆ ಮರದ ತುಂಡುಗಳೆಲ್ಲ ಎಲ್ಲಿ?"

ಎಲ್ಲರೂ ಕಂಟ್ರಾಕ್ಟರನ ಮುಖ ನೋಡಿದರು. ಅವನು ತನ್ನ ಚಪ್ಪಲಿ ನೋಡಿಕೊಂಡು, "ಹಳೇ ಮರ ಅಲ್ವಾ ಅಮ್ಮ... ಇಟ್ಟಿಗೆ ಗೂಡಿನವರು ಸೌದೆಗೆ ಕೇಳಿದ್ರು" ಎಂದ.

ಟೀಚರ್ ಕಣ್ಣಲ್ಲಿ ನೀರು ಬರಲಿಲ್ಲ. ತಿರುಗಿ ಹೊರಟವರು ನೇರ ಇಟ್ಟಿಗೆ ಗೂಡಿಗೆ ನಡೆದರು. ಗಂಡ ಹಿಂದೆ, ಅವರ ಹಿಂದೆ ಊರಿನಲ್ಲಿ ಬಡಗಿಯಾಗಿದ್ದ ಹಳೆಯ ಶಿಷ್ಯೆ. ಸೌದೆ ರಾಶಿಯ ಅಡಿಯಲ್ಲಿ ನಾನೂರ ಹನ್ನೊಂದು ತುಂಡುಗಳು ಸಿಕ್ಕವು. ನೆಲಕ್ಕೆ ಹಾಸಿದ್ದುದು ಹತ್ತು ಸಾವಿರಕ್ಕೂ ಹೆಚ್ಚು. ಉಳಿದದ್ದೆಲ್ಲ ಬೂದಿಯಾಗಿತ್ತು.

ಮಾರನೆಯ ವಾರ ಅಧಿಕಾರಿ ಮನೆಗೆ ಬಂದರು. ತಾವು ಮೊದಲು ತೆಗೆದಿದ್ದ ಫೋಟೊ ನೋಡಿಕೊಂಡು ಮೇಜುಗಳ ಮೇಲಿನ ಗುರುತುಗಳನ್ನು ಮತ್ತೆ ಕೆತ್ತಿಸಬಹುದು ಎಂದರು.

"ಸುಳ್ಳು ಗುರುತು ಕೆತ್ತಿಸ್ತೀರಾ? ಎದ್ದೇಳಿ, ಮೊದಲು ಎದ್ದೇಳಿ ಇಲ್ಲಿಂದ!"

"ಏನೇ, ಕಾಫಿ ಕುಡಿದಾದ್ರೂ ಹೋಗ್ಲಿ" ಎಂದು ಗಂಡ ಹೆಂಡತಿಯನ್ನೇ ಸಮಾಧಾನಪಡಿಸಿದರು. ಅಧಿಕಾರಿ ಕಾಫಿ ಕುಡಿದು, ಲೋಟ ಕೆಳಗಿಟ್ಟು ಕೇಳಿದರು, "ತಪ್ಪಾಯ್ತು ಮೇಡಂ. ದುರಸ್ತಿ ನಡೆಯುವಾಗ ನಾನು ಒಂದು ಸಲವೂ ಬರಲಿಲ್ಲ. ಈಗ ಏನು ಮಾಡಬೇಕು, ನೀವೇ ಹೇಳಿ."

ಟೀಚರ್ ಮೂರು ಮಾತು ಹೇಳಿದರು. ಟೈಲ್ಸ್ ಕೀಳಿಸಿ. ಗಾಜು ತೆಗೆಸಿ. ವಾರಕ್ಕೊಂದು ದಿನ ಮಕ್ಕಳನ್ನು ಒಳಗೆ ಬಿಡಿ.

ಗಾಜು ಹೋಯಿತು, ಅರ್ಧ ಕೋಣೆಯ ಟೈಲ್ಸ್ ಎದ್ದಿತು. ಇನ್ನರ್ಧಕ್ಕೆ ಅನುಮತಿ ಬರಬೇಕೆಂದು ಕಡತ ಇನ್ನೂ ಓಡಾಡುತ್ತಿದೆ. ಈಗ ಶನಿವಾರ ಬೆಳಿಗ್ಗೆ ಹದಿನೆಂಟು ಮಕ್ಕಳು ಬರುತ್ತಾರೆ, ಅದರಲ್ಲಿ ಹನ್ನೊಂದು ಹುಡುಗಿಯರು. ಶಿಷ್ಯೆ ಮರ ತರುತ್ತಾಳೆ, ಮಕ್ಕಳು ತುಂಡು ಕತ್ತರಿಸಿ, ಗೂಡಿನಿಂದ ತಂದ ಹಳೆಯ ತುಂಡುಗಳ ಜೊತೆ ನೆಲಕ್ಕೆ ಕೂಡಿಸುತ್ತಾರೆ. ಟೀಚರ್ ಸಿಟ್ಟು ಮಾತ್ರ ಒಂದಿಷ್ಟೂ ಇಳಿದಿಲ್ಲ. ವಾರ್ನಿಶ್ ಹೊಳೆಯುವ ಮೇಜುಗಳತ್ತ ಅವರು ಮುಖ ಹಾಕುವುದೇ ಇಲ್ಲ. ಕಂಟ್ರಾಕ್ಟರು ಎದುರಾದರೆ ರಸ್ತೆ ಬದಲಿಸುವವನು ಅವನೇ. ಮೊನ್ನೆ ಮಕ್ಕಳು ಕೂಡಿಸಿದ ಒಂದು ಸಾಲು ಕೂದಲೆಳೆಯಷ್ಟು ಓರೆಯಾಗಿದ್ದಕ್ಕೆ ಪೂರ್ತಿ ಕೀಳಿಸಿದರು.

"ಯಾರಿಗೆ ಕಾಣುತ್ತೆ ಟೀಚರ್?" ಎಂದು ಹುಡುಗಿಯೊಬ್ಬಳು ಗೊಣಗಿದಳು.

"ನನಗೆ ಕಾಣುತ್ತೆ. ಕೀಳು" ಎಂದರು ಟೀಚರ್.