ಮಾರ್ಲಿಸ್ ಹೇಳಿದ ನಿಜ

ನಾರ್ತ್ ಡಕೋಟದ ಜಲ್ಲಿ ರಸ್ತೆಗಳಲ್ಲಿ ಶಾಲಾ ಬಸ್ಸು ಓಡಿಸುತ್ತಲೇ ಮಾರ್ಲಿಸ್‌ಳ ಕೂದಲು ನರೆತಿತ್ತು. ಗಂಡ ತೀರಿಕೊಂಡ ಮೇಲೂ ಆಕೆ ಸ್ಟೀರಿಂಗ್ ಬಿಡಲಿಲ್ಲ. ಯಾರ ಮುಂದೆಯೂ ಕೈಚಾಚದ, ಯಾರ ಉಸಾಬರಿಗೂ ಹೋಗದ ಹೆಂಗಸು. ಇದ್ದ ಆಸೆ ಒಂದೇ, ಮಗಳು ಸಿಗ್ರಿಡ್ ಸೇನಾ ಅಕಾಡೆಮಿ ಸೇರಬೇಕು. ಸಿಗ್ರಿಡ್‌ಗೆ ಅದು ಚಿಕ್ಕಂದಿನಿಂದ ಹಿಡಿದ ಹುಚ್ಚು.

ಅಲ್ಲಿಗೆ ಹೋಗಲು ಓದೊಂದೇ ಸಾಲದು, ವಾಸವಿರುವ ಕ್ಷೇತ್ರದ ಸಂಸದರು ಹೆಸರು ಸೂಚಿಸಬೇಕು. ಇಲ್ಲಿ ಹಾಗೆ ಅರ್ಜಿ ಹಾಕುವವರು ನಾಲ್ಕೈದು ಮಂದಿ. ಅಕ್ಕ ಜಾನೆಲ್ ಇರುವ ವರ್ಜೀನಿಯದಲ್ಲಿ ಬೀದಿ ತುಂಬ ಸೇನಾಧಿಕಾರಿಗಳು, ಮನೆಗೊಬ್ಬ ಅಭ್ಯರ್ಥಿ. ಅವಳ ಮಗ ಗ್ರೇಡನ್ ಓದಿನಲ್ಲಿ ಸಿಗ್ರಿಡ್‌ಗಿಂತ ಒಂದು ಕೈ ಮೇಲೆ. ಆದರೂ ಆ ನೂಕುನುಗ್ಗಲಿನಲ್ಲಿ ಅವನನ್ನು ಕೇಳುವವರಿಲ್ಲ.

"ಸ್ಕೂಲಿನ ಕೊನೇ ವರ್ಷ ಗ್ರೇಡನ್ ನಿನ್ ಹತ್ರ ಇದ್ದು ಅಲ್ಲಿಂದ್ಲೇ ಅರ್ಜಿ ಹಾಕ್ಲಿ ಕಣೆ," ಎಂದಳು ಜಾನೆಲ್ ಫೋನಿನಲ್ಲಿ. "ಅಮ್ಮ ಹಾಸಿಗೆ ಹಿಡಿದಾಗ ನೋಡ್ಕೊಂಡೋಳು ನಾನು. ಇದೊಂದು ಮಾಡ್ಕೊಡು."

ಅಮ್ಮನ ಹೆಸರು ಬಂದ ಮೇಲೆ ಮಾರ್ಲಿಸ್‌ಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಸಿಗ್ರಿಡ್ ನಕ್ಕಳು. "ಬರ್ಲಿ ಬಿಡಮ್ಮ. ಜೊತೇಲಿ ಓಡೋರೇ ಇಲ್ದೆ ಗೆದ್ದು ಏನು ಬಂತು?"

ಗ್ರೇಡನ್ ಬಂದ. ಒಳ್ಳೆಯ ಹುಡುಗ, ಸುಮ್ಮನೆ ಹೆಸರಿಡಬಾರದು. ತಟ್ಟೆ ತಾನೇ ತೊಳೆಯುತ್ತಿದ್ದ. ಹಿಮ ಬಿದ್ದರೆ ಎಲ್ಲರಿಗಿಂತ ಮೊದಲೆದ್ದು ಅಂಗಳ ಗೋರುತ್ತಿದ್ದ. ಸಿಗ್ರಿಡ್‌ಗೆ ಗಣಿತ ಹೇಳಿಕೊಟ್ಟವನೂ ಅವನೇ. ಮಾರ್ಲಿಸ್‌ಗೆ ಅವನ ಮೇಲೆ ಮಮತೆ ಹುಟ್ಟಿತು, ಅದರ ಜೊತೆಗೇ ಸಂಕಟವೂ ಹುಟ್ಟಿತು.

ಸಂಸದರ ಪರವಾಗಿ ಸಂದರ್ಶನ ಮಾಡುವವರು ಊರಿನವರೇ. ಅವರಲ್ಲೊಬ್ಬ ಆರ್ವಿಲ್, ಹಳೆಯ ಸಿಪಾಯಿ, ಈಗ ಗೋಧಿ ಗೋದಾಮು ನೋಡಿಕೊಳ್ಳುವವನು. ಸಂದರ್ಶನಕ್ಕೆ ಮುಂಚೆ ಅವನು ಬಸ್ ಶೆಡ್ಡಿಗೆ ಬಂದ.

"ನಿಮ್ ಅಕ್ಕನ ಮಗ ನಿಮ್ ಪಿಕಪ್ ಓಡಿಸ್ತಾನಲ್ಲ, ಎದುರು ಸಿಕ್ಕಾಗೆಲ್ಲ ನಾನು ಬೆರಳೆತ್ತಿದೀನಿ. ಒಂದು ಸಲಾನೂ ಅವನು ಎತ್ತಲಿಲ್ಲ."

ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತುವುದು ಇಲ್ಲಿನ ನಮಸ್ಕಾರ. ಮಾತು ಬಿಟ್ಟವರೂ ಅದನ್ನು ಬಿಡುವುದಿಲ್ಲ.

"ಅವನಿಗೆ ಕಂಡಿರಲಿಕ್ಕಿಲ್ಲ ಬಿಡಿ," ಎಂದಳು ಮಾರ್ಲಿಸ್.

"ಇರ್ಬಹುದು. ಆದ್ರೆ ಅರ್ಜೀಲಿ ಇದೇ ನನ್ನೂರು ಅಂತ ಬರೆದಿದಾನೆ. ನಿಮ್ಮನ್ನೇ ಕೇಳ್ತೀನಿ, ಅವನು ಇಲ್ಲಿ ಬಾಳೋಕ್ ಬಂದಿದಾನಾ, ಸೀಟಿಗೆ ಬಂದಿದಾನಾ?"

ಮಾರ್ಲಿಸ್ ಕೈಗಂಟಿದ ಗ್ರೀಸ್ ಒರೆಸಿಕೊಳ್ಳುತ್ತ ನಿಂತಳು. ನಿಜ ಹೇಳಿದರೆ ಲಾಭ ತನ್ನ ಮಗಳಿಗೇ. ಅದೇ ಅವಳನ್ನು ತಡೆದದ್ದು.

"ಸೀಟಿಗೆ," ಎಂದಳು ಕೊನೆಗೆ.

ಸಂಸದರ ಪಟ್ಟಿಯಿಂದ ಗ್ರೇಡನ್ ಹೆಸರು ಬಿಟ್ಟುಹೋಯಿತು. ಆರ್ವಿಲ್‌ಗೆ ತಾನು ಹೇಳಿದ್ದನ್ನು ಮಾರ್ಲಿಸ್ ಮನೆಯಲ್ಲಿ ಮುಚ್ಚಿಡಲಿಲ್ಲ. ಬ್ಯಾಗು ಹಿಡಿದು ಹೊರಟಾಗ ಅವನು, "ಬೇಜಾರ್ ಮಾಡ್ಕೋಬೇಡಿ ಚಿಕ್ಕಮ್ಮ," ಎಂದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಜಾನೆಲ್ ಆಮೇಲೆ ತಂಗಿಯ ಫೋನು ಎತ್ತಲೇ ಇಲ್ಲ.

ವಸಂತದಲ್ಲಿ ಸಿಗ್ರಿಡ್‌ಗೆ ಸೀಟು ಸಿಕ್ಕಿತು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಕೇಕು. ಊರೆಲ್ಲ ಬಂದು ಕೈಕುಲುಕಿತು. ಮನೆಗೆ ಬರುವ ದಾರಿಯಲ್ಲಿ ಮಗಳು ಕೇಳಿದಳು.

"ಅಮ್ಮ, ನಾನು ಅರ್ಜಿ ಹಾಕದೇ ಇದ್ದಿದ್ರೂ ಆರ್ವಿಲ್‌ಗೆ ಅದನ್ನೇ ಹೇಳ್ತಿದ್ಯಾ?"

ಎದುರು ಬಂದ ಗಾಡಿಗೆ ಮಾರ್ಲಿಸ್ ಸ್ಟೀರಿಂಗ್ ಮೇಲಿಂದ ಬೆರಳೆತ್ತಿದಳು. ಮನೆ ಬಂತು, ಎಂಜಿನ್ ಆರಿಸಿದಳು. ಸಿಗ್ರಿಡ್ ಇನ್ನೊಮ್ಮೆ ಕೇಳಲಿಲ್ಲ.