ಅ ಆದಮೇಲೆ ರ

ಒದ್ದೆ ಬಟ್ಟೆಯಿಂದ ಪಾಟಿ ಒರೆಸಿದಾಗ ಬರುವ ವಾಸನೆ ನಿಮಗೆ ನೆನಪಿದೆಯೇ? ಮೊದಲ ಮಳೆಯ ವಾಸನೆಯ ಹಾಗೆ ಅನ್ನುತ್ತಾರೆ ಕೆಲವರು. ನನಗೆ ಹಾಗನಿಸುವುದಿಲ್ಲ. ನನಗೆ ಅದರಲ್ಲಿ ಸ್ವಲ್ಪ ಬಳಪ, ಸ್ವಲ್ಪ ಉಗುಳು, ಸ್ವಲ್ಪ ಹೆದರಿಕೆ ಸೇರಿದಂತೆ ತೋರುತ್ತದೆ. ಇವತ್ತು ಮುಂಜಾನೆ ಪಕ್ಕದ ಮನೆಯ ಕಟ್ಟೆಯ ಮೇಲೆ ಒಂದನೆಯ ತರಗತಿಯ ಹುಡುಗಿ ಪಾಟಿ ಒರೆಸುತ್ತಿದ್ದಳು. ಅವಳ ತಾಯಿ ನನ್ನನ್ನು ಕಂಡು, "ಕಾಕಾ, ನಿಮ್ಮ ಸುಮಾ ಎಷ್ಟ ಛಲೋ ಓದತಾಳ. ಸಣ್ಣಾಕಿದ್ದಾಗ ಮನ್ಯಾಗ ನೀವು ಹೆಂಗ ಹೇಳಿಕೊಟ್ರಿ, ನಮಗೂ ಒಂದೀಟ ಹೇಳ್ರಿ" ಅಂದಳು. "ಹೇಳತೀನಿ ತಂಗಿ" ಅಂದು ಹೊಲದ ದಾರಿ ಹಿಡಿದೆ. ಕಬ್ಬಿಗೆ ನೀರು ತಿರುವುವಾಗಲೂ ಯೋಚಿಸಿದೆ. ನಡೆದದ್ದನ್ನು ನಡೆದ ಹಾಗೆ ನಿಮ್ಮ ಮುಂದೆ ಇಡುತ್ತೇನೆ.

ಸುಮಾ ನನ್ನ ಮಗಳು. ಆಗ ಅವಳು ನಮ್ಮೂರ ಸಾಲೆಯಲ್ಲಿ ಒಂದನೆಯ ತರಗತಿ. ಎಂಟು ವರ್ಷದ ಹಿಂದಿನ ಮಾತು. ಬೋರಗಾಂವದಲ್ಲಿ ಮಗ್ಗ ನಡೆಸುವ ನನ್ನ ಅಕ್ಕನ ಗಂಡ ಬಂದಿದ್ದ. ಅಕ್ಕನ ಗಂಡನನ್ನು ನಮ್ಮಲ್ಲಿ ದಾಜಿ ಅನ್ನುತ್ತೇವೆ. ಬೀಗರು ಬಂದಾಗ ಮನೆಯ ಸಣ್ಣ ಮಕ್ಕಳನ್ನು ನಡುಮನೆಯಲ್ಲಿ ನಿಲ್ಲಿಸಿ ಅಕ್ಷರ, ಮಗ್ಗಿ ಹೇಳಿಸುವುದು ನಮ್ಮ ಕಡೆ ಚಹಾದಷ್ಟೇ ಖಾಯಂ. ನನ್ನನ್ನೂ ಹಾಗೆ ನಿಲ್ಲಿಸಿದ್ದರು. ನಾನು ಹದಿಮೂರರ ಮಗ್ಗಿ ಅಂದು ಶೇಂಗಾದ ಉಂಡಿ ಗಿಟ್ಟಿಸಿದವನು.

"ಏ ಪೋರಿ, ಅ ಆ ಇ ಈ ಅಂದು ತೋರ್ಸು ನೋಡೂಣು" ಅಂದ ದಾಜಿ.

"ಅ" ಅಂದಳು ಸುಮಾ. ನಿಂತಳು.

"ಮುಂದ?"

"ಮುಂದ... ರ."

ದಾಜಿ ಚಹಾ ಚೆಲ್ಲುವಷ್ಟು ನಕ್ಕ. "ಅ ಆದಮ್ಯಾಲೆ ರ ಬರತೈತಂತ! ಏನಪಾ, ನಿಮ್ಮೂರಾಗ ಅಕ್ಷರಗೋಳು ಜಾತ್ರ್ಯಾಗ ಕೈ ಬಿಡಿಸಿಕೊಂಡು ಓಡ್ಯಾವೇನು? ನನ್ನ ಮಕ್ಕಳ ಜೋಡಿ ಇಂಗ್ಲಿಷ್ ಸಾಲಿಗಿ ಹಾಕು, ಸುಧಾರಸ್ತಾಳ."

ಆಗ ನಾನು ಹೊಡೆದೆ. ಬೆನ್ನ ಮೇಲೆ, ಬಲಗೈಯಿಂದ, ಒಂದೇ ಏಟು. ಒಂದೇ ಎನ್ನುವುದನ್ನು ಸಮಾಧಾನಕ್ಕಾಗಿ ಹೇಳುತ್ತಿದ್ದೇನೋ, ಲೆಕ್ಕ ಸರಿಯಿರಲಿ ಎಂದೋ, ನನಗೇ ಗೊತ್ತಿಲ್ಲ. ಅವಳು ಅಳಲಿಲ್ಲ. ಆದರೆ ಆ ದಿನದಿಂದ ನನ್ನೆದುರು ಒಂದಕ್ಷರವನ್ನೂ ಓದಲಿಲ್ಲ. ಪುಸ್ತಕ ಹಿಡಿದರೆ ತುಟಿ ಮುಚ್ಚುತ್ತಿದ್ದಳು.

ನಾನು ಬಿಡಲಿಲ್ಲ. ದಿನಾ ಸಂಜೆ ಕೂರಿಸಿ ಅ ಆ ತಿದ್ದಿಸಿದೆ. ನನ್ನ ಹೆಂಡತಿ ಒಲೆಯ ಮುಂದಿನಿಂದ, "ನೀವು ಓದಸಾಕ ಕುಂತ್ರ ಮನಿ ಪೊಲೀಸ್ ಠಾಣೆ ಆದಂಗ ಆಗತೈತ್ರಿ. ಅಕಿ ಏನ್ ಕಳವು ಮಾಡ್ಯಾಳ?" ಅನ್ನುತ್ತಿದ್ದಳು. ಕೊನೆಗೆ ಸಾಲೆಯವರ ಮೇಲೆ ಸಿಟ್ಟು ಬಂದು ಅಲ್ಲಿಗೇ ಹೋದೆ.

ಬಾಗಿಲಲ್ಲೇ ಸುಮಾಗೆ ಕಲಿಸುವ ಅಕ್ಕೋರು ಸಿಕ್ಕರು. "ಬರ್ರಿ. ಜಗಳಾ ಮಾಡಾಕ ಬಂದೀರಿ ಅಂತ ಮಾರಿ ನೋಡಿದ್ರ ಗೊತ್ತಾಗತೈತಿ. ಮೊದಲ ಒಂದ ತಾಸ ಹಿಂದ ಕುಂದರ್ರಿ, ಆಮ್ಯಾಲ ಬಯ್ರಿ."

ಕಪಾಟಿನ ಮರೆಯಲ್ಲಿ ಚಾಪೆಯ ಮೇಲೆ ಕೂತೆ. ಮಕ್ಕಳು ಸಾಲಾಗಿ ಕೂತಿರಲಿಲ್ಲ. ಐದಾರು ಜನರ ಗುಂಪು, ನಡುವೆ ಕಾರ್ಡುಗಳು. ಒಂದು ಗುಂಪಿನಲ್ಲಿ ಹದಿಮೂರರಿಂದ ಐದು ಕಳೆಯುತ್ತಿದ್ದರು. ಹತ್ತು ಕಡ್ಡಿಯ ಒಂದು ಕಟ್ಟು, ಬಿಡಿ ಮೂರು ಕಡ್ಡಿ. ಹುಡುಗಿಯೊಬ್ಬಳು ಕಟ್ಟಿನ ದಾರ ಬಿಚ್ಚಿ ಕಡ್ಡಿಗಳನ್ನು ಹರವಿದಳು. ನಾನು ಜನ್ಮವಿಡೀ 'ಪಕ್ಕದ ಮನೆಯಿಂದ ಒಂದು ತಂದು' ಕಳೆದವನು. ಆ ಪಕ್ಕದ ಮನೆಯಲ್ಲಿ ಏನಿರುತ್ತದೆಂದು ಅವತ್ತು ಮೊದಲ ಸಲ ಕಂಡೆ.

ಸುಮಾ ಕಿಟಕಿಯ ಹತ್ತಿರ ಇದ್ದಳು. ಕಾರ್ಡಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಳು: "ಸರ. ಅರಸ. ಗರಗಸ." ಆಮೇಲೆ ಪಕ್ಕದವಳಿಗೆ, "ಹಂಗಲ್ಲಬೇ, ಬೆಳ್ಳ ಇಟ್ಟು ಓದು" ಎಂದು ಗದರಿದಳು. ಅವರಿಗೆ ಅಕ್ಷರಗಳನ್ನು ಸಾಲಿನಲ್ಲಿ ಕಲಿಸುತ್ತಿರಲಿಲ್ಲ. ಬರೆಯಲು ಸುಲಭವಾದ, ಬೇಗ ಶಬ್ದ ಕಟ್ಟಲು ಬರುವ ಅಕ್ಷರಗಳು ಮೊದಲು: ರ, ಗ, ಸ, ದ, ಅ. ಅರಸ ಅನ್ನುವಲ್ಲಿ ಅ ಆದಮೇಲೆ ರ ಬರುತ್ತದೆ; ನಡುಮನೆಯಲ್ಲಿ ಅವಳು ಹೇಳಿದ್ದು ತಪ್ಪೇ ಆಗಿರಲಿಲ್ಲ.

ಖುಷಿಯಲ್ಲಿ ನಾನು ಸ್ವಲ್ಪ ಮುಂದೆ ಬಾಗಿರಬೇಕು. ಅವಳು ನನ್ನನ್ನು ಕಂಡಳು. ಗರಗಸದ ಎರಡನೆಯ 'ಗ' ಮೇಲೆ ಬೆರಳು ನಿಂತಿತು. ತುಟಿ ಮುಚ್ಚಿತು. ಎಡಗೈ ಹಿಂದೆ ಹೋಗಿ ಬೆನ್ನನ್ನು ಮುಟ್ಟಿಕೊಂಡಿತು. ಅದನ್ನು ನಾನು ನೋಡಿದ್ದೇನೆ.

ಅಕ್ಕೋರೂ ನೋಡಿದರು. ನನ್ನನ್ನು ಹೊರಗೆ ಕರೆದು, "ಮನ್ಯಾಗ ನೀವು ಏನೂ ಕಲಸಬ್ಯಾಡ್ರಿ. ಅಕಿ ಓದೂದು ಕೇಳ್ರಿ, ಸಾಕು" ಅಂದರು.

"ತಪ್ಪು ಓದಿದ್ರ?"

"ತಪ್ಪು ಓದಿದ್ರೂ ಕೇಳ್ರಿ. ತಡೀರಿ. ತಾನ ಹೊಳ್ಳಿ ಬಂದು ತಿದ್ದಿಕೋತಾಳ."

ಕೇಳುವುದು ಸುಲಭದ ಕೆಲಸವೆಂದು ತಿಳಿದಿದ್ದರೆ ನೀವೂ ನನ್ನಂಥವರೇ. ಅವಳು ಓದಿದರೆ ತಾನೇ ಕೇಳುವುದು? ಮಗ್ಗಲಲ್ಲಿ ಕೂತರೆ ಎದ್ದು ಹೋಗುತ್ತಿದ್ದಳು. ಪುಠಾಣಿ ಬೆಲ್ಲ ಇಟ್ಟೆ. ತಿಂದು ಎದ್ದು ಹೋದಳು. ದಾಜಿ ಫೋನಿನಲ್ಲಿ ಟ್ಯೂಷನ್ ಹಾಕು ಅಂದ. ಹೆಂಡತಿ ಬಿಟ್ಟುಬಿಡಿ ಅಂದಳು. ಯಾರು ಸರಿ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಒಂದು ಸಂಜೆ ಹಿಂಡಿ ಇಡಲು ಹೋದಾಗ ದನದ ಕೊಟ್ಟಿಗೆಯಿಂದ ದನಿ ಕೇಳಿಸಿತು. ಸುಮಾ ಎಮ್ಮೆಗೆ ಪಾಠ ಓದಿ ಹೇಳುತ್ತಿದ್ದಳು. ಎಮ್ಮೆ ಮೆಲುಕು ಹಾಕುತ್ತ ಕಿವಿ ಆಡಿಸುತ್ತಿತ್ತು. ತಪ್ಪು ಓದಿದಳು, ಅದು ಮೆಲುಕು ಹಾಕಿತು. ತಿದ್ದಿಕೊಂಡಳು, ಆಗಲೂ ಮೆಲುಕು ಹಾಕಿತು. ನಾನು ಬುಟ್ಟಿ ಹಿಡಿದು ಗೋಡೆಯ ಹಿಂದೆಯೇ ನಿಂತೆ. ಆ ವರ್ಷವೆಲ್ಲ ಹಾಗೆಯೇ ನಿಂತೆ. ಅದು ಸಹಾಯವೋ ಕಳ್ಳತನವೋ ಹೇಳಲಾರೆ. ಅವಳನ್ನು ಅದೇ ಸಾಲೆಯಲ್ಲಿ ಉಳಿಸಿದೆ, ಅಷ್ಟೇ. ಮುಂದೆ ಅವಳು ಎಲ್ಲರೆದುರು ಓದಿದಳು. ನನ್ನೆದುರು ಮಾತ್ರ ಇಲ್ಲ.

ಪಕ್ಕದ ಮನೆಯವಳು ಕೇಳಿದ್ದಕ್ಕೆ ಇದನ್ನೆಲ್ಲ ಹೇಗೆ ಹೇಳುವುದು? ಇವತ್ತು ಮಧ್ಯಾಹ್ನ ಹೊಲದಿಂದ ಬಂದು ಕಂಬಕ್ಕೆ ಒರಗಿ ಇದೇ ಯೋಚನೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಸುಮಾ ಕೈಯಲ್ಲಿ ಹಾಳೆ ಹಿಡಿದು ಎದುರು ಬಂದು ನಿಂತಳು.

"ಅಪ್ಪಾ, ನಾಳೆ ಸಾಲ್ಯಾಗ ನಾ ಭಾಷಣ ಓದಬೇಕು. ಅವ್ವ ತ್ವಾಟಕ್ಕ ಹೋಗ್ಯಾಳ. ಕೇಳತೀಯೇನು?"

ಹೂಂ ಅಂದೆ. ಓದಿದಳು. ನಾಲ್ಕನೆಯ ಸಾಲಿನಲ್ಲಿ ಒಂದು ಶಬ್ದ ತಪ್ಪಿತು. ನನ್ನ ನಾಲಿಗೆ ಹಲ್ಲಿನವರೆಗೆ ಬಂತು. ಅವಳು ಹಾಳೆಯಿಂದ ಕಣ್ಣೆತ್ತಿ ನನ್ನನ್ನೇ ನೋಡುತ್ತ ಕಾದಳು. ನಾನೂ ಕಾದೆ. ಎಷ್ಟು ಹೊತ್ತೋ. ಆಮೇಲೆ ಅವಳೇ ಹಿಂದಕ್ಕೆ ಹೋಗಿ ಶಬ್ದವನ್ನು ಸರಿಯಾಗಿ ಓದಿ ಮುಂದೆ ನಡೆದಳು.

ಪುಟ ಮುಗಿಯಿತು. ನಾನು ಏಳಲೆಂದು ಹೊದ್ದ ಟವೆಲು ಸರಿಮಾಡಿಕೊಂಡೆ.

"ಇನ್ನೊಂದ ಪುಟ ಐತಿ" ಅಂದಳು, "ಏಳಬ್ಯಾಡ."