ನಾಲ್ಕನೇ ದರ್ಜೆಯ ಉಷ್ಣ

ನಮ್ಮ ಮನೆಯ ಕಾಯಿಲೆಗಳಿಗೆ ಈಚೆಗೆ ಹಳೆಯ ಇಂಗ್ಲಿಷ್ ಹೆಸರುಗಳು ಬಂದಿವೆ. ನನಗೆ ನೆಗಡಿಯಾದರೆ ಅದು ಫ್ಲೂಮ್, ಅಂದರೆ ಕಫ; ಸಿಟ್ಟು ಬಂದರೆ ಕೋಲರ್, ಅಂದರೆ ಹಳದಿ ಪಿತ್ತ; ಈ ಪರದೇಶದ ಊರು ಮಿಲ್ ಕ್ರೀಕಿನ ಮನೆಯಲ್ಲಿ ಕಿಟಕಿ ನೋಡುತ್ತ ಸುಮ್ಮನೆ ಕೂತರೆ ಕಪ್ಪು ಪಿತ್ತ. ಹೆಸರಿಡುವವಳು ಮಗಳು ಅನಘಾ. ಮಧ್ಯಯುಗದ ಕೊನೆಗಾಲದ ಇಂಗ್ಲಿಷ್ ಬರಹಗಳಲ್ಲಿರುವ ವೈದ್ಯಪದಗಳನ್ನು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಕಂಪ್ಯೂಟರ್ ಸೈನ್ಸ್ ಓದು ಎಂದು ನಾನು ಪೀಡಿಸಿದ್ದು ಯಾವ ಕಾಯಿಲೆಯ ಲಕ್ಷಣವೋ, ಅದನ್ನು ಅವಳಿನ್ನೂ ಹೇಳಿಲ್ಲ.

ಆ ಗ್ರಂಥ ಬರೆದವರ ಪಾಡು ನನಗೆ ಅರ್ಥವಾಗುತ್ತದೆ. ವೈದ್ಯವೆಲ್ಲ ಲ್ಯಾಟಿನ್ನಿನಲ್ಲಿ; ಓದುವವರಿಗೆ ಲ್ಯಾಟಿನ್ ಬಾರದು. ಹಾಗಾಗಿ ಹೊರಗಿನ ಪದವನ್ನು ತಂದಾಗ ಒಂಟಿಯಾಗಿ ಬಿಡದೆ, 'ಅಂದರೆ' ಎಂದು ಪಕ್ಕದಲ್ಲೇ ಒಂದು ಊರಪದವನ್ನು ಕೂರಿಸುತ್ತಿದ್ದರು. ಹೊಸ ಸೊಸೆಗೆ ನಾದಿನಿ ಅಡುಗೆಮನೆ ತೋರಿಸಿದ ಹಾಗೆ. ಎಷ್ಟೋ ಸೊಸೆಯರು ಅಲ್ಲೇ ಬೇರೂರಿದರು. ಕೆಲವು ನಾದಿನಿಯರೇ ಮನೆ ಬಿಟ್ಟರು.

ನನ್ನ ಪದ್ಧತಿ ಬೇರೆ. ಗದಗಿನಿಂದ ಬಂದ ಅವ್ವನಿಗೆ ಆಸ್ಪತ್ರೆಯಲ್ಲಿ ದುಭಾಷಿ ನಾನೇ. ಸಾಫ್ಟ್‌ವೇರಿನವನಾದ್ದರಿಂದ ಅನಗತ್ಯವೆನಿಸಿದ್ದನ್ನು ಅಳಿಸಿಬಿಡುತ್ತೇನೆ. ಅವ್ವನ ಬಿಪಿ ಏರಿತ್ತು. ಇಳಿಯುವವರೆಗೆ ವಿಮಾನ ಹತ್ತುವುದು ಬೇಡ ಎಂದಿದ್ದರು ಪಕ್ಕದೂರು ಕೆನ್ಮೋರಿನ ಡಾಕ್ಟರಮ್ಮ. ಊರಿನಲ್ಲಿ ಅವ್ವನ ತಂಗಿಯ ಮಗಳ ಮದುವೆ. "ನಾ ಇಲ್ಲದ ಮದವಿ, ಅದೇನ ಮದವಿ?" ಎಂದು ಅವ್ವ ಆಗಲೇ ಸೂಟ್‌ಕೇಸ್ ತುಂಬಿದ್ದಳು. ಆಸ್ಪತ್ರೆಗೆ ಹೋದಾಗಲೆಲ್ಲ ಮಾತ್ರೆಯ ಬಲ ಹೆಚ್ಚುತ್ತಿತ್ತು. ಬಿಪಿ ಮಾತ್ರ ಕದಲದು. ಅವ್ವ "ಈ ಗುಳಿಗಿ ಭಾಳ ಉಷ್ಣ" ಎಂದರೆ ನಾನು ಡಾಕ್ಟರಿಗೆ "ಸ್ವಲ್ಪ ಅಸಿಡಿಟಿ" ಎನ್ನುತ್ತಿದ್ದೆ. ಥರ್ಮಾಮೀಟರ್ ಹಿಡಿದವರ ಮುಂದೆ 'ಉಷ್ಣ' ಎನ್ನಲು ಸಂಕೋಚ.

ಒಂದು ದಿನ ಅನಘಾಳೂ ಬಂದಳು. ಪ್ರಬಂಧಕ್ಕೆ ಸಾಮಗ್ರಿ ಹುಡುಕಿಕೊಂಡು ಬಂದಳೆಂದು ನನ್ನ ನೆನಪು, ಅಜ್ಜಿಯ ಮೇಲಿನ ಪ್ರೀತಿಯಿಂದ ಎಂದು ಅವಳದು. ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆಯಬಹುದಿತ್ತು. ಇಲ್ಲಿ ಯಾವ ದಿನಕ್ಕಾದರೂ ಅದು ಸಲ್ಲುವುದರಿಂದ ಬಿಟ್ಟಿದ್ದೇನೆ.

ಅವ್ವ ಎಂದಿನಂತೆ ಉಷ್ಣ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಗಳು ಕೇಳಿದಳು: "ಅಜ್ಜಿ, ಎಷ್ಟು ಉಷ್ಣ? ಪೆಪ್ಪರ್ ಅಷ್ಟಾ?" ಆ ಗ್ರಂಥಗಳಲ್ಲಿ ಪ್ರತಿ ಮದ್ದಿಗೂ ಉಷ್ಣ, ಶೀತಗಳ ದರ್ಜೆಯಿತ್ತಂತೆ. ಕಾಳುಮೆಣಸು ನಾಲ್ಕನೇ ದರ್ಜೆಯ ಉಷ್ಣ. ಅದರ ಮೇಲೆ ದರ್ಜೆಯೇ ಇಲ್ಲ.

ಅವ್ವನ ಮುಖ ಅರಳಿತು. ಈ ದೇಶದಲ್ಲಿ ಕೊನೆಗೂ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದರು.

"ಮೆಣಸಿಗಿಂತ ಮ್ಯಾಲ ಐತಿ ಬಂಗಾರಿ, ಬೆಂಕಿ! ಅದಕ್ಕ ಮುರದು ಅರ್ಧಾ ತಗೋತಿದ್ದೆ. ಇವರು ಇನ್ನೂ ಜೋರಿಂದು ಕೊಟ್ಟರು, ಈಗ ಕಾಲುಭಾಗ ಮಾಡೇನಿ."

"ಅವ್ವಾ! ನನಗ ಹೇಳಬಾರದಾ?"

"ಹೇಳೇನಲ್ಲೋ, ಉಷ್ಣ ಅಂತ! ನೀ ಇಂಗ್ಲಿಷಿನ್ಯಾಗ ಅಷ್ಟೊತ್ತು ಏನ ಹೇಳತಿದ್ದಿ ಮತ್ತ?"

ಅನಘಾ ಡಾಕ್ಟರ ಮುಂದೆ ಎರಡೂ ಪದ ಇಟ್ಟಳು: ಉಷ್ಣ, ಅಂದರೆ ಒಳಗಿನ ಬಿಸಿ, ಅದಕ್ಕೇ ಮಾತ್ರೆ ತುಂಡಾಗಿದೆ. ಡಾಕ್ಟರಮ್ಮ ನಗಲಿಲ್ಲ. ಮಾತ್ರೆಯ ಬಲವನ್ನು ಮೊದಲಿನಷ್ಟಕ್ಕೆ ಇಳಿಸಿ, ಇಡಿಯಾಗಿಯೇ ನುಂಗಬೇಕು ಎಂದರು. ಆಮೇಲೆ, ತಂಪಿಗೆ ನಿಮ್ಮಲ್ಲಿ ಏನು ಕುಡಿಯುತ್ತಾರೆ ಎಂದು ಕೇಳಿದರು.

"ಮಜ್ಜಿಗಿ," ಎಂದಳು ಅವ್ವ, ದುಭಾಷಿಗೆ ಕಾಯದೆ.

ಕುಡಿಯಲಿ, ಆದರೆ ಉಪ್ಪು ಬೇಡ ಎಂದರು. "ಉಪ್ಪಿಲ್ಲದ ಮಜ್ಜಿಗಿ?" ಅವ್ವ ನಿಟ್ಟುಸಿರು ಬಿಟ್ಟಳು. "ಇದಕ್ಕಿಂತ ಆ ಬೆಂಕೀನ ಚಲೋ ಇತ್ತು."

ಡಾಕ್ಟರಮ್ಮ ಅನಘಾಳಿಂದ ಅಕ್ಷರ ಕೇಳಿಕೊಂಡು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದರು: 'ಮಜ್ಜಿಗೆ, ಅಂದರೆ ಬಟರ್‌ಮಿಲ್ಕ್, ಜೊತೆಗೆ ಒಂದು ಇಡೀ ಮಾತ್ರೆ.' ಮಜ್ಜಿಗೆಯೆಂಬ ಸೊಸೆ ಒಳಗೆ ಬಂದಿದ್ದಳು, ನಾದಿನಿ ಪಕ್ಕದಲ್ಲೇ ಇದ್ದಳು. ಮಗಳು ಆ ಚೀಟಿಯ ಫೋಟೊ ತೆಗೆದು ತನ್ನ ಪ್ರಬಂಧಕ್ಕೆ ಅಂಟಿಸಿದಳು.

ಬಿಪಿ ಇಳಿಯಿತು, ಅವ್ವ ವಿಮಾನ ಹತ್ತಿದಳು. ಮದುವೆಮನೆಯಿಂದ ಫೋನ್ ಬಂತು. ಹಿಂದೆ ವಾಲಗದ ಸದ್ದು.

"ಇಲ್ಲಿ ಮಜ್ಜಿಗೀಗೆ ಉಪ್ಪು ಹಾಕ್ಯಾರೋ."

"ಅದನ್ನ ಕುಡೀಬ್ಯಾಡವ್ವ. ಏನಂದ್ರ, ಸೋಡಿಯಂ..."

"ನೀ ಸುಮ್ಕಿರು. ಡಾಕ್ಟರಿಗೆ ಕೊಡು."

ಫೋನನ್ನು ಅನಘಾಳ ಕೈಗೆ ಕೊಟ್ಟೆ. ನನ್ನ ಕೋಲರ್ ತುಸು ಏರಿದ್ದು ನಿಜ. ಆದರೆ ಮೊದಲ ದರ್ಜೆಯದು ಅಷ್ಟೆ.